ಡಿಸ್ಚಾರ್ಜ್ ತಿಳಿವಳಿಕೆ ಕೊಡುವುದನ್ನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಕಲಿಸಲು ಯಾವ ವಿಧಾನ ಮೇಲು? ನಿಮ್ಮ ಕಾಲೇಜಿನಲ್ಲೇ ಹೋಲಿಸಿ ನೋಡುವ ಬಗೆ

ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಹೆಲ್ತ್ ಟಾಕ್ ಕೊಡಿಸುವುದು ಹಳೇ ರೂಢಿ. ಲೆಸನ್ ಪ್ಲಾನ್ ತಿದ್ದುತ್ತೇವೆ, ಚಾರ್ಟ್ ಬರೆಸುತ್ತೇವೆ, ವಾರ್ಡಿನಲ್ಲಿ ನಾಲ್ಕು ಜನ ರೋಗಿಗಳನ್ನು ಕೂರಿಸಿ ಮಾತಾಡಿಸಿ ಅಂಕ ಹಾಕುತ್ತೇವೆ. ಅದೇ ಹುಡುಗಿ ಮುಂದೆ ಸ್ಟಾಫ್ ನರ್ಸ್ ಆದಾಗ, ಡಿಸ್ಚಾರ್ಜ್ ಆಗಿ ಹೊರಟ ಅಜ್ಜಿಯ ಕೈಗೆ ಚೀಟಿ ಕೊಟ್ಟು "ಇದು ಬೆಳಿಗ್ಗೆ, ಇದು ರಾತ್ರಿ, ಹದಿನೈದು ದಿನ ಬಿಟ್ಟು ಬನ್ನಿ" ಎಂದಷ್ಟೇ ಹೇಳಿ ಪಕ್ಕದ ಬೆಡ್ಡಿಗೆ ಹೋಗುತ್ತಾಳೆ. ಕೆಲಸದ ಒತ್ತಡ ಇದೆ, ನಿಜ. ಆದರೆ ಹೆಲ್ತ್ ಟಾಕ್‌ನಲ್ಲಿ ಅವಳು ಕಲಿತದ್ದು ನಾಲ್ಕು ಜನರ ಮುಂದೆ ಒಪ್ಪಿಸುವುದನ್ನು. ಒಬ್ಬ ರೋಗಿ ಮನೆಗೆ ಹೋಗಿ ತಾನೇ ಮಾಡಿಕೊಳ್ಳುವಂತೆ ಕಲಿಸುವುದು ಬೇರೆಯೇ ಕೆಲಸ, ಅದನ್ನು ನಾವು ಬಹಳ ಕಡೆ ಕಲಿಸಿಯೇ ಇಲ್ಲ.

ಅದನ್ನು ಕಲಿಸಲು ಉಪನ್ಯಾಸ ಸಾಕೇ, ರೋಲ್ ಪ್ಲೇ ಬೇಕೇ, ಸಿಮ್ಯುಲೇಷನ್‌ಗೆ (ನಿಜ ಸನ್ನಿವೇಶದ ಅನುಕರಣೆಗೆ) ಹಣ ಹಾಕಬೇಕೇ ಎಂದು ಟ್ಯೂಟರ್‌ಗಳ ನಡುವೆ ವಾದ ನಡೆಯುತ್ತಲೇ ಇರುತ್ತದೆ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬಿ.ಎಸ್ಸಿ ನರ್ಸಿಂಗ್ ಪಠ್ಯಕ್ರಮವನ್ನು ಎಂಟು ಸೆಮಿಸ್ಟರ್‌ಗಳಾಗಿ ಮರುರೂಪಿಸಿ ಸಿಮ್ಯುಲೇಷನ್‌ಗೂ ಜಾಗ ಕೊಟ್ಟ ಮೇಲಂತೂ ಈ ಪ್ರಶ್ನೆ ಸ್ಟಾಫ್ ಮೀಟಿಂಗ್‌ಗೂ ಬಂದಿದೆ. ವಾದದಿಂದ ಇದು ಬಗೆಹರಿಯುವುದಿಲ್ಲ, ಹೋಲಿಸಿಯೇ ನೋಡಬೇಕು. ಒಂದು ಬ್ಯಾಚ್, ಒಂದು ವಿಷಯ, ಸುಮಾರು ಎರಡು ತಿಂಗಳು ಇದ್ದರೆ ಯಾವ ಕಾಲೇಜಿನಲ್ಲೂ ಮಾಡಬಹುದು. ಎಂ.ಎಸ್ಸಿ ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವವರಿಗೂ ಇದು ಒದಗುತ್ತದೆ.

ಹೆಜ್ಜೆ 1: ಒಂದೇ ಕಾಯಿಲೆ, ಒಂದೇ ಸನ್ನಿವೇಶ ಹಿಡಿಯಿರಿ

"ಡಿಸ್ಚಾರ್ಜ್ ಶಿಕ್ಷಣ" ಎಂದು ಇಡಿಯಾಗಿ ಹಿಡಿದರೆ ಏನನ್ನೂ ಅಳೆಯಲಾಗದು. ಹೃದಯ ವೈಫಲ್ಯದ ರೋಗಿಗೆ ದಿನಾ ತೂಕ ನೋಡಿಕೊಳ್ಳುವುದನ್ನು ಕಲಿಸಬೇಕು, ಸಿಸೇರಿಯನ್ ಆದ ಬಾಣಂತಿಗೆ ಹೊಲಿಗೆಯ ಆರೈಕೆ ಮತ್ತು ಮಗುವಿನ ಅಪಾಯದ ಲಕ್ಷಣ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಶುರುವಾದವರಿಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಎಂದು ನೋಡುವ) ಪರೀಕ್ಷೆ ಏಕೆ ತಪ್ಪಿಸಬಾರದು ಎಂಬುದು. ಪ್ರತಿಯೊಂದರ ಜಾಡು ಬೇರೆ.

ನಾನು ಹೇಳುವುದಾದರೆ, ಹೊಸದಾಗಿ ಇನ್ಸುಲಿನ್ ಶುರುವಾಗಿ ಮನೆಗೆ ಹೊರಟ ರೋಗಿಯನ್ನು ಆರಿಸಿಕೊಳ್ಳಿ. ಎಲ್ಲ ಮೆಡಿಕಲ್ ವಾರ್ಡಿನಲ್ಲೂ ಸಿಗುತ್ತಾರೆ. ಇದರಲ್ಲಿ ತಿಳಿವಳಿಕೆಯೂ ಇದೆ, ಕೈಕೆಲಸವೂ ಇದೆ. ತಪ್ಪಾದರೆ ಎಷ್ಟು ತಪ್ಪು ಎಂದು ಲೆಕ್ಕ ಹಾಕಿ ತೋರಿಸಬಹುದು. ಮುಂದಿನ ಹೆಜ್ಜೆಗಳೆಲ್ಲ ಇದೇ ಉದಾಹರಣೆಯ ಮೇಲೆ ನಡೆಯುತ್ತವೆ.

ಹೆಜ್ಜೆ 2: ಕಲಿಸುವ ಮುಂಚೆಯೇ ಅಳತೆಗೋಲು ಬರೆದಿಡಿ

ಇಡೀ ಕೆಲಸದ ಬೆನ್ನೆಲುಬು ಇದು, ಅವಸರ ಮಾಡಬೇಡಿ. ನಮ್ಮಲ್ಲಿ ನೂರಾರು ಪ್ರಬಂಧಗಳು "ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ ಪರಿಣಾಮಕಾರಿ" ಎಂಬ ಫಲಿತಾಂಶದೊಂದಿಗೆ ಲೈಬ್ರರಿ ಕಪಾಟು ಸೇರುತ್ತವೆ. ಒಂದೇ ಗುಂಪಿಗೆ ಪ್ರೀ-ಟೆಸ್ಟ್, ಒಂದು ಗಂಟೆ ಪಾಠ, ವಾರ ಬಿಟ್ಟು ಅದೇ ಪ್ರಶ್ನೆಪತ್ರಿಕೆ. ಅಂಕ ಏರದೆ ಇನ್ನೇನಾಗುತ್ತದೆ? ಏನೂ ಕಲಿಸದೆ ಇರುವುದಕ್ಕಿಂತ ಕಲಿಸುವುದು ಮೇಲು ಎಂದಷ್ಟೇ ಅದರಿಂದ ತಿಳಿಯುವುದು. ಹೋಲಿಕೆ ಎಂದಮೇಲೆ ಎರಡು ವಿಧಾನಗಳು ಎದುರುಬದುರು ನಿಲ್ಲಬೇಕು, ಎರಡಕ್ಕೂ ಒಂದೇ ಅಳತೆ ಇರಬೇಕು, ಆ ಅಳತೆ ಬರವಣಿಗೆಯ ಪರೀಕ್ಷೆಗಿಂತ ಆಚೆಗೆ ಹೋಗಬೇಕು.

ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಸೂಚಿಸಿದರು: ಕಲಿತವರಿಗೆ ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಅದರಿಂದ ಫಲ ಸಿಕ್ಕಿತೇ. ನಮ್ಮ ಫೀಡ್‌ಬ್ಯಾಕ್ ಫಾರಂ ಮೊದಲ ಮೆಟ್ಟಿಲಲ್ಲಿದೆ, ಪೋಸ್ಟ್-ಟೆಸ್ಟ್ ಎರಡನೆಯದರಲ್ಲಿ. ನಮಗೆ ಬೇಕಾದದ್ದು ಮೂರನೆಯದು. ಆದರೆ ನಾಲ್ಕನೆಯದರ ಒಂದು ತುಣುಕೂ ಸಿಗುತ್ತದೆ.

ಚೆಕ್‌ಲಿಸ್ಟ್ ಹೀಗಿರಲಿ. ವಿದ್ಯಾರ್ಥಿನಿ ಮಾತು ಶುರು ಮಾಡುವ ಮುಂಚೆ ಮನೆಯಲ್ಲಿ ಚುಚ್ಚುವವರು ಯಾರು ಎಂದು ಕೇಳಿದಳೇ? ಅಜ್ಜಿಗೆ ಕಣ್ಣು ಮಂಜಾಗಿದ್ದರೆ ಕಲಿಯಬೇಕಾದವಳು ಸೊಸೆ. ಊಟ-ತಿಂಡಿ ಎಷ್ಟು ಹೊತ್ತಿಗೆ ಎಂದು ಕೇಳಿದಳೇ? "ತಿಂಡಿಗೆ ಅರ್ಧ ಗಂಟೆ ಮುಂಚೆ" ಎಂದು ಒಪ್ಪಿಸುವುದು ಸುಲಭ. ಬೆಳಿಗ್ಗೆ ಟೀ ಕುಡಿದು ಹೊಲಕ್ಕೆ ಹೋಗಿ, ಹನ್ನೊಂದಕ್ಕೆ ಬಂದು ಮುದ್ದೆ ಉಣ್ಣುವವರಿಗೆ ಯಾವ ತಿಂಡಿ? ಏಕಾದಶಿ, ರಂಜಾನ್ ಉಪವಾಸ ಇದೆಯೇ, ಇದ್ದರೆ ಮೊದಲು ಡಾಕ್ಟರನ್ನು ಕೇಳಬೇಕೆಂದು ಹೇಳಿದಳೇ? ಮೋಡದಂತಿರುವ ಇನ್ಸುಲಿನ್ ಬಾಟಲಿಯನ್ನು ಕುಲುಕದೆ ಅಂಗೈಗಳ ನಡುವೆ ಉರುಳಿಸಿ ತೋರಿಸಿದಳೇ? ಚುಚ್ಚುವ ಜಾಗ ಬದಲಿಸುವುದು, ಫ್ರಿಜ್ ಇದ್ದರೆ ಫ್ರೀಜರ್‌ನಲ್ಲಿ ಇಡದಿರುವುದು, ಇಲ್ಲದಿದ್ದರೆ ನೀರಿನ ಮಣ್ಣಿನ ಮಡಕೆಯ ತಂಪಿನಲ್ಲಿ ಒದ್ದೆಯಾಗದಂತೆ ಇಡುವುದು ಹೇಳಿದಳೇ? ಸಕ್ಕರೆ ಅಂಶ ಇಳಿದರೆ ಬೆವರು, ನಡುಕ, ಕಣ್ಣು ಕತ್ತಲೆ; ಆಗ ಎಚ್ಚರವಿರುವ ರೋಗಿಗೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ. ಜ್ವರ, ವಾಂತಿ ಬಂದಾಗ ಇನ್ಸುಲಿನ್ ತಾವಾಗಿಯೇ ನಿಲ್ಲಿಸದೆ ಫೋನ್ ಮಾಡಬೇಕು. ಬಳಸಿದ ಸೂಜಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ.

ಇವುಗಳ ಜೊತೆ ಒಂದು ಅಂಶವನ್ನು ಪ್ರತ್ಯೇಕವಾಗಿ, "ಇದು ತಪ್ಪಿದರೆ ಫೇಲ್" ಎಂದು ಗುರುತು ಹಾಕಿ ಬರೆಯಿರಿ: ಬಾಟಲಿಗೂ ಸಿರಿಂಜಿಗೂ ಹೊಂದಿಕೆ. ನಮ್ಮಲ್ಲಿ ಇನ್ಸುಲಿನ್ ವಯಲ್‌ಗಳು ಬಹುಪಾಲು ಮಿ.ಲೀ.ಗೆ 40 ಯೂನಿಟ್‌ನವು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಮಿ.ಲೀ.ಗೆ 100 ಯೂನಿಟ್‌ನವೂ ಮಾರುಕಟ್ಟೆಯಲ್ಲಿವೆ, ಅವಕ್ಕೆ ಕಿತ್ತಳೆ ಮುಚ್ಚಳದ್ದು. 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಒಳಗೆ ಬರುವುದು 0.1 ಮಿ.ಲೀ., ಅಂದರೆ 4 ಯೂನಿಟ್ ಮಾತ್ರ. ತಿರುಗಾಮುರುಗಾ ಆದರೆ, 100ರ ಬಾಟಲಿಯಿಂದ 40ರ ಸಿರಿಂಜಿನಲ್ಲಿ 10ರ ಗೆರೆಗೆ 0.25 ಮಿ.ಲೀ., ಅಂದರೆ 25 ಯೂನಿಟ್. ಬೇಕಾದ್ದಕ್ಕಿಂತ ಎರಡೂವರೆ ಪಟ್ಟು. ಮೆಡಿಕಲ್ ಶಾಪಿನಲ್ಲಿ "ಇನ್ಸುಲಿನ್ ಸಿರಿಂಜ್ ಕೊಡಿ" ಎಂದಷ್ಟೇ ಕೇಳಿದರೆ ಯಾವುದು ಕೈಗೆ ಬರುತ್ತದೋ ಹೇಳಲಾಗದು. ಬಾಟಲಿಯ ಮೇಲಿನ ಸಂಖ್ಯೆಯನ್ನೂ ಸಿರಿಂಜಿನ ಮೇಲಿನ ಸಂಖ್ಯೆಯನ್ನೂ ರೋಗಿಯ ಕೈಯಲ್ಲೇ ಹಿಡಿಸಿ ತಾಳೆ ನೋಡಿಸಿದಳೇ ಎಂಬುದೇ ಪ್ರಶ್ನೆ.

ಕೊನೆಯ ಎರಡು ಅಂಶ: ರೋಗಿಯಿಂದ ಮಾಡಿಸಿ ನೋಡಿದಳೇ? ತಪ್ಪು ಕಂಡಾಗ ಬೇರೆ ಮಾತಿನಲ್ಲಿ ಹೇಳಿ ಮತ್ತೊಮ್ಮೆ ಮಾಡಿಸಿದಳೇ? ಟೀಚ್-ಬ್ಯಾಕ್ ಎನ್ನುವುದು ಇದಕ್ಕೇ. "ಅರ್ಥ ಆಯ್ತಾ ಅಜ್ಜಿ?" ಎಂದರೆ "ಹೂಂ ಸಿಸ್ಟರ್" ಎಂಬ ಉತ್ತರ ಸದಾ ಸಿದ್ಧವಿರುತ್ತದೆ, ಅರ್ಥ ಆಗಿದ್ದರೂ ಆಗದಿದ್ದರೂ. ಅದರ ಬದಲು, "ಅಜ್ಜಿ, ನಾನು ಸರಿಯಾಗಿ ಹೇಳಿಕೊಟ್ಟಿದೀನೋ ಇಲ್ವೋ ನೋಡ್ಬೇಕು. ನಾಳೆ ಮನೇಲಿ ಹೆಂಗ್ ತಗೋತೀರಿ, ಒಂದ್ಸಲ ತೋರ್ಸಿ." ಪರೀಕ್ಷೆ ರೋಗಿಗಲ್ಲ, ಕಲಿಸಿದವಳಿಗೆ ಎಂಬಂತೆ ಕೇಳಿದರೆ ಹಿರಿಯರು ಸಂಕೋಚ ಬಿಟ್ಟು ತೋರಿಸುತ್ತಾರೆ.

ಒಟ್ಟು ಹನ್ನೆರಡು-ಹದಿನಾಲ್ಕು ಅಂಶ ಸಾಕು. ಒಬ್ಬ ವೈದ್ಯರು, ಇಬ್ಬರು ಹಿರಿಯ ವಾರ್ಡ್ ಸಿಸ್ಟರ್‌ಗಳು, ಸಾಧ್ಯವಾದರೆ ಇನ್ಸುಲಿನ್ ತೆಗೆದುಕೊಳ್ಳುವ ಒಬ್ಬ ರೋಗಿಗೆ ತೋರಿಸಿ ತಿದ್ದಿಸಿ. ರೋಗಿ ಸೇರಿಸುವ ಅಂಶ ಬಹಳ ಸಲ ನಮ್ಮ ಪಠ್ಯಪುಸ್ತಕದಲ್ಲಿ ಇರುವುದಿಲ್ಲ.

ಹೆಜ್ಜೆ 3: ಯಾವ ವಿಧಾನಗಳನ್ನು ಎದುರುಬದುರು ನಿಲ್ಲಿಸುವುದು

ಮೂರು ಸಾಕು. ಉಪನ್ಯಾಸ ಮತ್ತು ಡೆಮಾನ್‌ಸ್ಟ್ರೇಶನ್ ಒಂದು: ಟ್ಯೂಟರ್ ಪಾಠ ಹೇಳಿ ಮಾಡಿ ತೋರಿಸುತ್ತಾರೆ, ವಿದ್ಯಾರ್ಥಿಗಳು ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಮೇಲೆ ತಿರುಗಿ ಮಾಡುತ್ತಾರೆ. ಅಗ್ಗ, ಎಲ್ಲರಿಗೂ ಗೊತ್ತಿರುವುದು, ಹೆಚ್ಚು ವಿವರಿಸಬೇಕಿಲ್ಲ.

ಎರಡನೆಯದು ರೋಲ್ ಪ್ಲೇ. ಮೂವರ ಗುಂಪು: ಒಬ್ಬಳು ನರ್ಸ್, ಒಬ್ಬಳು ರೋಗಿ, ಒಬ್ಬಳು ಚೆಕ್‌ಲಿಸ್ಟ್ ಹಿಡಿದು ನೋಡುವವಳು. ಆಮೇಲೆ ಪಾತ್ರ ಬದಲು. ನೋಡುವವಳೇ ಹೆಚ್ಚು ಕಲಿಯುತ್ತಾಳೆ ಎಂಬುದು ನನ್ನ ಗಮನಕ್ಕೆ ಬಂದದ್ದು. ಇದರ ದೌರ್ಬಲ್ಯವೆಂದರೆ ರೋಗಿಯ ಪಾತ್ರದ ಗೆಳತಿ ತೀರಾ ಒಳ್ಳೆಯವಳಾಗಿಬಿಡುತ್ತಾಳೆ, ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾಳೆ. ಅದಕ್ಕೆ ರೋಗಿಯ ಪಾತ್ರದವರಿಗೆ ಗುಟ್ಟಾಗಿ ಒಂದು ಚೀಟಿ ಕೊಡಿ: "ನಿನಗೆ ಸೂಜಿ ಎಂದರೆ ಭಯ, ಆದರೆ ಕೇಳದೆ ಹೇಳಬೇಡ." "ಪಕ್ಕದ ಮನೆಯವರು ಹಾಗಲಕಾಯಿ ರಸ ಕುಡಿದರೆ ಇನ್ಸುಲಿನ್ ಬೇಡ ಎಂದಿದ್ದಾರೆ." "ನಿನಗೆ ಓದಲು ಬರುವುದಿಲ್ಲ, ಆದರೆ ಚೀಟಿ ಓದುವಂತೆ ನಟಿಸು."

ಮೂರನೆಯದು ಹೊರಗಿನವರಿಗೆ ತರಬೇತಿ ಕೊಟ್ಟು ರೋಗಿಯಾಗಿ ಕೂರಿಸುವ ಸಿಮ್ಯುಲೇಷನ್. ಇದಕ್ಕೆ 1963ರಲ್ಲಿ ಅಮೆರಿಕದ ನರರೋಗ ತಜ್ಞ ಹೊವಾರ್ಡ್ ಬ್ಯಾರೋಸ್ ದಾರಿ ಹಾಕಿದರು. ಇದಕ್ಕೆ ದುಬಾರಿ ಗೊಂಬೆ ಬೇಡ, ನಟಿಸುವ ಮನುಷ್ಯರು ಸಾಕು. ಹವ್ಯಾಸಿ ರಂಗತಂಡಗಳಿಲ್ಲದ ತಾಲ್ಲೂಕು ನಮ್ಮಲ್ಲಿ ಕಡಿಮೆ. ನಿವೃತ್ತ ಆಯಾ, ಆಶಾ ಕಾರ್ಯಕರ್ತೆಯರು ಇನ್ನೂ ಚೆನ್ನಾಗಿ ಮಾಡುತ್ತಾರೆ, ಅವರು ರೋಗಿಗಳನ್ನು ಹತ್ತಿರದಿಂದ ಕಂಡವರು. ಒಂದು ದಿನದ ತರಬೇತಿ, ಒಂದು ಪುಟದ ಕಥೆ, ಗೌರವಧನ ಕೊಡಿ, ಪುಕ್ಕಟೆ ಕರೆಸಬೇಡಿ. ಕಥೆಯಲ್ಲಿ ಡಿಸ್ಚಾರ್ಜ್ ದಿನದ ಗಡಿಬಿಡಿ ಇರಲೇಬೇಕು: ಬಿಲ್ ಕ್ಲಿಯರ್ ಆಗಿಲ್ಲ, ಮಗನ ಫೋನ್ ಬರುತ್ತಲೇ ಇದೆ, "ಬೇಗ ಹೇಳಿ ಸಿಸ್ಟರ್, ಬಸ್ಸಿಗೆ ಟೈಮಾಯ್ತು." ನಿಜವಾದ ವಾರ್ಡಿನಲ್ಲಿ ತಿಳಿವಳಿಕೆ ಹೇಳುವುದು ಇಂಥ ಹೊತ್ತಿನಲ್ಲೇ. ಈ ಗಡಿಬಿಡಿ ಕಂಡಾಗ "ಇದನ್ನು ನಿನ್ನೆಯೇ ಶುರು ಮಾಡಬೇಕಿತ್ತು" ಎಂದು ವಿದ್ಯಾರ್ಥಿಗೆ ತಾನಾಗಿಯೇ ಹೊಳೆದರೆ ಅರ್ಧ ಪಾಠ ಅಲ್ಲೇ ಮುಗಿಯಿತು. ಆಟ ಮುಗಿದ ಮೇಲಿನ ಡಿಬ್ರೀಫಿಂಗ್‌ಗೆ, ಅಂದರೆ ನಡೆದದ್ದನ್ನು ಕೂತು ಚರ್ಚಿಸುವುದಕ್ಕೆ, ಆಟದಷ್ಟೇ ಸಮಯ ಕೊಡಿ. ಅದನ್ನು ಬಿಟ್ಟರೆ ಉಳಿಯುವುದು ನಾಟಕ ಮಾತ್ರ.

ಬೆಡ್‌ಸೈಡ್ ಕಲಿಕೆಯನ್ನು ಏಕೆ ನಾಲ್ಕನೆಯ ಗುಂಪು ಮಾಡಲಿಲ್ಲ ಎಂದು ಕೇಳಬಹುದು. ಆ ವಾರ ವಾರ್ಡಿನಲ್ಲಿ ಎಂಥ ರೋಗಿ ಸಿಗುತ್ತಾರೆ, ಯಾವ ಸಿಸ್ಟರ್ ಡ್ಯೂಟಿಯಲ್ಲಿರುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ, ಹೋಲಿಕೆ ಕೆಡುತ್ತದೆ. ಅದನ್ನು ಎಲ್ಲ ಗುಂಪಿಗೂ ಆಮೇಲೆ ಕೊಡಿ. ಅಲ್ಲೇ ನಮ್ಮ ಕೊನೆಯ ಅಳತೆಯೂ ನಡೆಯುತ್ತದೆ.

ಕುಟುಂಬದವರಿಗೆ ಕಲಿಸುವ ಬಗೆಗೆ ನಮ್ಮ ಹತ್ತಿರವೇ ಒಂದು ಮಾದರಿ ಇದೆ. ನೂರಾ ಹೆಲ್ತ್ ಸಂಸ್ಥೆ ಬೆಂಗಳೂರಿನ ನಾರಾಯಣ ಹೆಲ್ತ್‌ನಲ್ಲಿ ಶುರು ಮಾಡಿದ ಕೇರ್ ಕಂಪ್ಯಾನಿಯನ್ ಕಾರ್ಯಕ್ರಮದಲ್ಲಿ ನರ್ಸ್‌ಗಳೇ ರೋಗಿಯ ಮನೆಯವರನ್ನು ವಾರ್ಡಿನಲ್ಲಿ ಕೂರಿಸಿ ಆರೈಕೆ ಕಲಿಸುತ್ತಾರೆ. ಅಂಥ ತರಗತಿ ನಡೆಯುವ ಆಸ್ಪತ್ರೆ ಹತ್ತಿರವಿದ್ದರೆ ವಿದ್ಯಾರ್ಥಿಗಳನ್ನು ಒಮ್ಮೆ ಕರೆದೊಯ್ಯಿರಿ, ಆದರೆ ಮೂರೂ ಗುಂಪುಗಳನ್ನು, ಪ್ರಯೋಗ ಮುಗಿದ ಮೇಲೆ.

ಹೆಜ್ಜೆ 4: ಅನುಮತಿ

ಕಾಲೇಜಿನ ಎಥಿಕ್ಸ್ ಕಮಿಟಿಯ ಮುಂದೆ ಇಡಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯನ್ನು ಓದಿಕೊಂಡು ಹೋಗಿ. ವಿದ್ಯಾರ್ಥಿಗಳ ಒಪ್ಪಿಗೆ ಬರವಣಿಗೆಯಲ್ಲಿರಲಿ, ಇಂಟರ್ನಲ್ ಅಂಕಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಸ್ಪಷ್ಟವಾಗಿ ಹೇಳಿ. ಟ್ಯೂಟರ್ ಕೇಳಿದಾಗ "ಇಲ್ಲ" ಎನ್ನುವ ಧೈರ್ಯ ಎರಡನೇ ವರ್ಷದ ಹುಡುಗಿಗೆ ಇರುವುದಿಲ್ಲ, ಆದ್ದರಿಂದ ಒಪ್ಪಿಗೆಯನ್ನು ಅವರಿಗೆ ಪಾಠ ಹೇಳದ ಯಾರಾದರೂ ಕೇಳಲಿ. ರೋಗಿಯ ವಿಷಯದಲ್ಲಿ ನಿಯಮ ಒಂದೇ: ವಿದ್ಯಾರ್ಥಿ ಕಲಿಸಿದ ಮೇಲೆ ಸ್ಟಾಫ್ ನರ್ಸ್ ಮತ್ತೊಮ್ಮೆ ಪರೀಕ್ಷಿಸದೆ ಯಾವ ರೋಗಿಯೂ ಮನೆಗೆ ಹೋಗಕೂಡದು.

ಹೆಜ್ಜೆ 5: ಗುಂಪು ಮಾಡುವುದು, ಸಮಯ ಸರಿದೂಗಿಸುವುದು

ಅರವತ್ತು ಜನರ ಬ್ಯಾಚ್ ಎಂದಿಟ್ಟುಕೊಳ್ಳಿ. ಚೀಟಿ ಎತ್ತಿ ಇಪ್ಪತ್ತರಂತೆ ಮೂರು ಗುಂಪು ಮಾಡಿ. ರೋಲ್ ನಂಬರ್ ಪ್ರಕಾರ ಬೇಡ. ನಂಬರ್ ಹೆಸರಿನ ಅಕ್ಷರಾನುಕ್ರಮದಲ್ಲೋ ಅಡ್ಮಿಷನ್ ಕ್ರಮದಲ್ಲೋ ಇರುತ್ತದೆ, ಒಂದೇ ಊರಿನವರು ಒಂದೇ ಗುಂಪಿಗೆ ಬೀಳಬಹುದು.

ಚೀಟಿ ಎತ್ತುವ ಮುಂಚೆ ಕನ್ನಡ ಬರುವವರು, ಬಾರದವರು ಎಂದು ಎರಡು ಡಬ್ಬಿ ಮಾಡಿ, ಎರಡರಿಂದಲೂ ಸಮನಾಗಿ ಎತ್ತಿ. ನಮ್ಮ ಕಾಲೇಜುಗಳಲ್ಲಿ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದವರು ಬಹಳ. ಅವರಿಗೆ ಇನ್ಸುಲಿನ್ ಬಗ್ಗೆ ಎಲ್ಲ ಗೊತ್ತಿದ್ದರೂ ಮಂಡ್ಯದ ಅಜ್ಜಿಯ ಮುಂದೆ ಮಾತು ಹೊರಡುವುದಿಲ್ಲ. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಭಾಷೆಯ ವ್ಯತ್ಯಾಸವನ್ನೇ ವಿಧಾನದ ವ್ಯತ್ಯಾಸ ಎಂದು ಓದಿಬಿಡುತ್ತೀರಿ. ಮೂರೂ ಗುಂಪಿಗೆ ಒಂದು ಪುಟದ ಆಡುಮಾತಿನ ಪಟ್ಟಿ ಕೊಡಿ. "ರಕ್ತದಲ್ಲಿನ ಗ್ಲೂಕೋಸ್ ಮಟ್ಟ ಕುಸಿತ" ಎಂದು ಕಲಿಸಬೇಡಿ, "ಶುಗರ್ ಇಳಿದಾಗ" ಎನ್ನಿ. ಕಲಬುರಗಿ ಕಡೆಯ ಕಾಲೇಜಾದರೆ ಅಲ್ಲಿಯ ಮಾತಿನಲ್ಲಿ ಬರೆಸಿ.

ಮೂರೂ ಗುಂಪಿಗೆ ಎರಡೇ ಗಂಟೆ, ಒಂದೇ ವಿಷಯ, ಒಂದೇ ದಿನ. ಹಾಸ್ಟೆಲಿನಲ್ಲಿ ರಾತ್ರಿ ಊಟಕ್ಕೆ ಕೂತಾಗ ಎಲ್ಲವೂ ಹಂಚಿಕೆಯಾಗುತ್ತದೆ, ದಿನ ಬಿಟ್ಟು ದಿನ ಮಾಡಿದರೆ ಮೂರನೇ ಗುಂಪು ಮೊದಲೇ ತಯಾರಾಗಿ ಬರುತ್ತದೆ. ಸಿಮ್ಯುಲೇಷನ್ ಗುಂಪಿಗೆ ನಾಲ್ಕು ಕಡೆ ನಾಲ್ಕು ನಟ-ರೋಗಿಗಳನ್ನು ಕೂರಿಸಿ. ಒಂದೊಂದು ಕಡೆ ಐವರು. ತಲಾ ಹತ್ತು ನಿಮಿಷ ಮಾತು, ಹತ್ತು ನಿಮಿಷ ಡಿಬ್ರೀಫಿಂಗ್, ನೂರು ನಿಮಿಷದಲ್ಲಿ ಮುಗಿಯುತ್ತದೆ. ಪ್ರತಿಯೊಬ್ಬಳೂ ಒಮ್ಮೆ ಮಾಡಿ ನಾಲ್ಕು ಸಲ ನೋಡಿರುತ್ತಾಳೆ.

ಹೆಜ್ಜೆ 6: ಅಳೆಯುವುದು

ಓಎಸ್‌ಸಿಇ (ಚೆಕ್‌ಲಿಸ್ಟ್ ಹಿಡಿದು ಮಾಡಿಸಿ ನೋಡುವ ಕ್ಲಿನಿಕಲ್ ಪರೀಕ್ಷೆ) ಸ್ಟೇಷನ್ ಇಡಿ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಈ ಪದ್ಧತಿಯ ಬಲ ಇರುವುದು ಎಲ್ಲರಿಗೂ ಒಂದೇ ಸನ್ನಿವೇಶ, ಒಂದೇ ಸಮಯ, ಒಂದೇ ಚೆಕ್‌ಲಿಸ್ಟ್ ಎಂಬುದರಲ್ಲಿ. ಹತ್ತು ನಿಮಿಷ, ಟೇಬಲ್ ಮೇಲೆ 40ರ ಬಾಟಲಿ, ಎರಡೂ ಬಗೆಯ ಸಿರಿಂಜ್, ಎದುರಿಗೆ ಹೊಸ ನಟ-ರೋಗಿ. ತರಬೇತಿಯಲ್ಲಿ ಬಂದವರನ್ನೇ ಕೂರಿಸಿದರೆ ಮೂರನೇ ಗುಂಪಿಗೆ ಅನುಕೂಲವಾಗಿಬಿಡುತ್ತದೆ. ಅಂಕ ಹಾಕುವವರಿಗೆ ಯಾರು ಯಾವ ಗುಂಪು ಎಂದು ಗೊತ್ತಿರಬಾರದು. ಬೇರೆ ಕಾಲೇಜಿನಿಂದ ಇಬ್ಬರನ್ನು ಕರೆಸಿ, ಮೊದಲ ಹತ್ತು ವಿದ್ಯಾರ್ಥಿಗಳಿಗೆ ಇಬ್ಬರೂ ಪ್ರತ್ಯೇಕವಾಗಿ ಅಂಕ ಹಾಕಲಿ. ಇಬ್ಬರ ಅಂಕ ಹೊಂದದಿದ್ದರೆ ಚೆಕ್‌ಲಿಸ್ಟಿನ ಭಾಷೆ ಅಸ್ಪಷ್ಟವಾಗಿದೆ ಎಂದರ್ಥ, ಅಲ್ಲೇ ನಿಲ್ಲಿಸಿ ತಿದ್ದಿ.

ತರಬೇತಿಯ ವಾರದಲ್ಲೊಮ್ಮೆ, ಆರು ವಾರ ಬಿಟ್ಟು ಇನ್ನೊಮ್ಮೆ ಮಾಡಿ. ಎರಡನೆಯದನ್ನು ಮುಂಚೆ ಹೇಳಬೇಡಿ. ಬರವಣಿಗೆಯ ಪರೀಕ್ಷೆಯನ್ನೂ ಇಡಿ, ಅದರ ಜೊತೆ ಹೋಲಿಸಲು. ಬರವಣಿಗೆಯಲ್ಲಿ ಮೂರೂ ಗುಂಪು ಸರಿಸಮ ಬಂದು, ರೋಗಿಯ ಮುಂದೆ ಕೂತಾಗ ಅಂತರ ಕಂಡರೆ ಅಚ್ಚರಿಪಡಬೇಡಿ.

ಆಮೇಲೆ ವಾರ್ಡ್. ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿ ಒಬ್ಬ ನಿಜ ರೋಗಿಗೆ ಕಲಿಸಲಿ. ನಂತರ ವಾರ್ಡ್ ಸಿಸ್ಟರ್ ರೋಗಿಯ ಹತ್ತಿರ ಮೂರು ಕೇಳಲಿ: ಎಷ್ಟು ಎಳೀತೀರಿ, ತೋರಿಸಿ. ಮೈ ಬೆವರಿ ನಡುಕ ಬಂದರೆ ಏನು ಮಾಡ್ತೀರಿ? ಊಟ ಬಿಟ್ಟ ದಿನ ಇನ್ಸುಲಿನ್ ಏನು ಮಾಡ್ತೀರಿ? ಉತ್ತರ ಸರಿಯೋ ತಪ್ಪೋ ಎಂದಷ್ಟೇ ಬರೆಯಲಿ. ವಾರದ ನಂತರ ಫೋನ್ ಮಾಡಿ ಇದನ್ನೇ ಕೇಳಲು ಸಾಧ್ಯವಾದರೆ, ನಾಲ್ಕನೇ ಮೆಟ್ಟಿಲಿನ ಅಂಚು ಮುಟ್ಟಿದಂತೆ. ಇಪ್ಪತ್ತು-ಇಪ್ಪತ್ತು ಜನರಿಂದ ಮರುದಾಖಲಾತಿ ಕಡಿಮೆಯಾಯಿತು ಎಂದು ತೀರ್ಮಾನಿಸಲು ಹೋಗಬೇಡಿ, ಅಷ್ಟು ಚಿಕ್ಕ ಸಂಖ್ಯೆ ಅದನ್ನು ಹೊರಲಾರದು.

ಹೆಜ್ಜೆ 7: ಅಂಕಿಗಳನ್ನು ಓದುವುದು

ಸ್ಟಾಟಿಸ್ಟೀಶಿಯನ್ ಸಹಾಯ ಪಡೆಯಿರಿ. ಮೂರು ಗುಂಪು ಆದ್ದರಿಂದ ಗುಂಪುಗಳನ್ನು ಒಟ್ಟಿಗೆ ಹೋಲಿಸುವ ಅನೋವಾ ಅಥವಾ ಕ್ರಸ್ಕಲ್-ವಾಲಿಸ್ ಲೆಕ್ಕ ಎನ್ನುತ್ತಾರೆ. ಪಿ-ವ್ಯಾಲ್ಯೂ (ನಿಜವಾಗಿ ಅಂತರವಿಲ್ಲದಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಕಾಣುವ ಸಂಭವ) ಒಂದನ್ನೇ ಹಿಡಿದು ಕೂರಬೇಡಿ. ಗುಂಪುಗಳ ನಡುವೆ ಎಷ್ಟು ಅಂಕದ ಅಂತರ, ಆರು ವಾರದ ಮೇಲೆ ಎಷ್ಟು ಉಳಿಯಿತು ಎಂದು ನೋಡಿ. ಅದಕ್ಕಿಂತ ಮುಖ್ಯವಾಗಿ, ಒಟ್ಟು ಅಂಕವನ್ನು ಬಿಡಿಸಿ ಅಂಶವಾರು ನೋಡಿ. ಉಪನ್ಯಾಸದ ಗುಂಪು ಜಾಗ ಬದಲಾವಣೆ, ಶೇಖರಣೆಯಂಥ ಹೇಳಿಕೆಯ ಅಂಶಗಳಲ್ಲಿ ಮುಂದಿದ್ದು, "ಮನೆಯಲ್ಲಿ ಚುಚ್ಚುವವರು ಯಾರು", "ಮಾಡಿ ತೋರಿಸಿ" ಎಂಬಲ್ಲಿ ಹಿಂದೆ ಬಿದ್ದಿರಬಹುದು. ಒಟ್ಟು ಅಂಕದಲ್ಲಿ ಇದು ಮುಚ್ಚಿಹೋಗುತ್ತದೆ. ಸಿರಿಂಜ್ ಹೊಂದಿಕೆಯನ್ನು ಸರಾಸರಿಯಲ್ಲಿ ಸೇರಿಸದೆ, ಪ್ರತಿ ಗುಂಪಿನಲ್ಲಿ ಎಷ್ಟು ಜನ ತಪ್ಪಿಸಿದರು ಎಂದು ಬೇರೆಯಾಗಿ ಬರೆಯಿರಿ.

ಟ್ಯೂಟರ್ ಗಂಟೆಗಳ ಲೆಕ್ಕವನ್ನೂ ಪಕ್ಕದಲ್ಲಿಡಿ. ಉಪನ್ಯಾಸಕ್ಕೆ ಒಬ್ಬರ ಎರಡು ಗಂಟೆ. ಸಿಮ್ಯುಲೇಷನ್‌ಗೆ ನಾಲ್ವರ ಎರಡು ಗಂಟೆ, ಅಂದರೆ ಎಂಟು, ಜೊತೆಗೆ ನಟರ ತರಬೇತಿ ಮತ್ತು ಗೌರವಧನ. ಅರವತ್ತು ಜನರಿಗೂ ಕೊಡಬೇಕೆಂದರೆ ಇಪ್ಪತ್ತನಾಲ್ಕು ಟ್ಯೂಟರ್-ಗಂಟೆ. ಪ್ರಿನ್ಸಿಪಾಲರ ಮುಂದೆ ಹೋದಾಗ ಅವರು ಮೊದಲು ಕೇಳುವುದು ಇದನ್ನೇ.

ಹೆಜ್ಜೆ 8: ತೀರ್ಮಾನ ಮತ್ತು ಬಾಕಿ ತೀರಿಸುವುದು

ಗೆದ್ದ ವಿಧಾನವನ್ನು ಉಳಿದ ಎರಡು ಗುಂಪಿಗೂ ಅದೇ ಸೆಮಿಸ್ಟರ್‌ನಲ್ಲಿ ಕೊಡಿ. ಪ್ರಯೋಗಕ್ಕೆ ಒಪ್ಪಿದವರಿಗೆ ಇಷ್ಟು ಸಲ್ಲಬೇಕು.

ನನ್ನನ್ನು ಕೇಳಿದರೆ, ಒಂದು ವಿಧಾನವನ್ನು ಆರಿಸಿ ಉಳಿದವನ್ನು ಬಿಡುವುದಲ್ಲ, ಪಾಲು ಹಂಚುವುದು. ಉಪನ್ಯಾಸವನ್ನು ಅರ್ಧ ಗಂಟೆಗೆ ಇಳಿಸಿ ವಿಡಿಯೊ ಮಾಡಿ ವಾಟ್ಸಾಪಿಗೆ ಹಾಕಿ, ತರಗತಿಯ ಹೊತ್ತನ್ನು ಚೀಟಿ ಕೊಟ್ಟು ಮಾಡಿಸುವ ರೋಲ್ ಪ್ಲೇಗೆ ಬಿಡಿ. ನಟ-ರೋಗಿಯ ಸಿಮ್ಯುಲೇಷನ್ ಸೆಮಿಸ್ಟರ್‌ಗೆ ಒಮ್ಮೆ, ತಪ್ಪಾದರೆ ಜೀವಕ್ಕೆ ಕುತ್ತು ತರುವ ವಿಷಯಗಳಿಗೆ ಮಾತ್ರ ಇರಲಿ: ಇನ್ಸುಲಿನ್, ವಾರ್ಫರಿನ್, ನವಜಾತ ಶಿಶುವಿನ ಅಪಾಯದ ಲಕ್ಷಣ. ಹಣವೂ ಜನವೂ ಇಲ್ಲದ ಕಾಲೇಜಾದರೆ ಒಂದನ್ನು ಮಾತ್ರ ಮಾಡಿ. ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ ಹೆಲ್ತ್ ಟಾಕ್‌ಗೆ ಇಟ್ಟ ಅಂಕಗಳಲ್ಲಿ ಅರ್ಧವನ್ನು ಚಾರ್ಟಿನಿಂದ ತೆಗೆದು, ರೋಗಿ ಕೊನೆಗೆ ಏನು ಮಾಡಿ ತೋರಿಸಿದರು ಎಂಬುದಕ್ಕೆ ಹಾಕಿ. ಅಂಕ ಎಲ್ಲಿದೆಯೋ ವಿದ್ಯಾರ್ಥಿಯ ಕಣ್ಣು ಅಲ್ಲಿಗೇ ಹೋಗುತ್ತದೆ, ಚಾರ್ಟಿಗೆ ಸ್ಕೆಚ್ ಪೆನ್ ಹಚ್ಚುತ್ತಿದ್ದ ರಾತ್ರಿಗಳು ಕಡಿಮೆಯಾಗುತ್ತವೆ.